ಮುಂಬೈಯಲ್ಲಿ ಇಬ್ಬರೂ ಕೆಲಸಕ್ಕೆ ಹೋಗುತ್ತೇವೆ. 78 ವರ್ಷದ ಅಮ್ಮನಿಗೆ ಮನೆಯಲ್ಲೇ ಆಯಾ ಇಡುವುದೋ, ವೃದ್ಧಾಶ್ರಮವೋ? ಯಾವುದು ಕಮ್ಮಿ ಖರ್ಚು?

2018ರಲ್ಲಿ ನಾನು ಹಾಕುತ್ತಾ ಕೂತಿದ್ದ ಲೆಕ್ಕವೂ ಇದೇ. ನನ್ನಮ್ಮನಿಗೆ ಆಗ 79. ಅಪ್ಪ ಹೋದ ಮೇಲೆ ಕುಂದಾಪುರದ ಹತ್ತಿರದ ಹಳ್ಳಿಯಿಂದ ಮತ್ಸ್ಯಗಂಧ ರೈಲು ಹತ್ತಿಸಿ ಮುಂಬೈ ಹತ್ತಿರದ ಡೊಂಬಿವಲಿಗೆ ಕರೆದುಕೊಂಡು ಬಂದೆ. ನನ್ನ ಆಫೀಸು ದಾದರ್‌ನಲ್ಲಿ, ಯಜಮಾನರದ್ದು ಅಂಧೇರಿಯಲ್ಲಿ. ಬೆಳಿಗ್ಗೆ ಎಂಟಕ್ಕೆ ಮನೆ ಬಿಟ್ಟರೆ ಮತ್ತೆ ಬಾಗಿಲು ತೆಗೆಯುವುದು ಸಂಜೆ ಏಳೂವರೆಗೆ.

ಆಯಾಗಳನ್ನು ಕಳಿಸುವ ಬ್ಯೂರೋಗೆ ಫೋನ್ ಮಾಡಿದೆವು. 12 ಗಂಟೆಗೆ 600 ರೂಪಾಯಿ. ಒಬ್ಬರು ಮಾವಶಿ ಬಂದರು, ಇಲ್ಲಿ ಆಯಾಗಳನ್ನು ಹಾಗೇ ಕರೆಯುವುದು. ರತ್ನಾಗಿರಿ ಕಡೆಯವರು, ಚೊಕ್ಕ ಕೆಲಸ, ಒಳ್ಳೆಯ ಮನಸ್ಸು. ಆಧಾರ್ ನೋಡಿದೆ, ಪೊಲೀಸ್ ವೆರಿಫಿಕೇಶನ್ ಮಾಡಿಸಿದೆ. ಸ್ನಾನ ಮಾಡಿಸಲು, ಮಾತ್ರೆ ಕೊಡಲು ಬರುತ್ತಾ ಅಂತ ಕೇಳಿದೆ. ಎಲ್ಲ ಸರಿ ಇತ್ತು. ಎರಡನೇ ದಿನವೇ ಕೆಲಸಕ್ಕೆ ಹೋದೆ.

ಅಲ್ಲೇ ನಾನು ತಪ್ಪಿದ್ದು. ಅಮ್ಮನಿಗೆ ಬರುತ್ತಿದ್ದದ್ದು ಕುಂದಾಪ್ರ ಕನ್ನಡ ಒಂದೇ. ಮಾವಶಿಗೆ ಮರಾಠಿ, ಅಲ್ಪಸ್ವಲ್ಪ ಹಿಂದಿ. ಇಬ್ಬರೂ ಹಗಲಿಡೀ ಹೇಗೆ ಮಾತಾಡುತ್ತಾರೆ ಅಂತ ನಾನು ಯೋಚನೆಯೇ ಮಾಡಲಿಲ್ಲ. ಹೇಗೋ ಹೊಂದಿಕೊಳ್ಳುತ್ತಾರೆ ಅಂದುಕೊಂಡೆ. ಮೊದಲ ವಾರದಲ್ಲೇ ಅಮ್ಮ ಒಂದು ಮರಾಠಿ ಪದ ಕಲಿತಳು, 'ನಕೋ', ಅಂದರೆ ಬೇಡ. ನಾವೆಲ್ಲ ಖುಷಿಪಟ್ಟೆವು. ಮಾವಶಿ ಏನು ಕೇಳಿದರೂ ಅದೇ ಉತ್ತರ. ಪಾಣಿ? ನಕೋ. ಚಹಾ? ನಕೋ. ಬಾತ್‌ರೂಮ್? ನಕೋ.

'ಒಂದಕ್ಕೆ ಹೋಯ್ಕ್' ಅಂದರೆ ಮಾವಶಿಗೆ ತಿಳಿಯುತ್ತಿರಲಿಲ್ಲ. ಸನ್ನೆ ಮಾಡಿ ತೋರಿಸಲು ಅಮ್ಮನಿಗೆ ನಾಚಿಕೆ. ಎರಡು ಸಲ ಬಾತ್‌ರೂಮ್ ತಲುಪುವ ಮೊದಲೇ ಸೀರೆ ಒದ್ದೆಯಾಯಿತಂತೆ. ಆಮೇಲೆ ನೀರು ಕುಡಿಯುವುದನ್ನೇ ಬಿಟ್ಟಳು. ಕುಡಿದರೆ ತಾನೇ ಹೋಗಬೇಕಾಗುವುದು! ಇದೆಲ್ಲ ನನಗೆ ಗೊತ್ತಾಗಿದ್ದು ಆಸ್ಪತ್ರೆಯಲ್ಲಿ, ಅವಳೇ ಹೇಳಿದಾಗ.

ಗೊತ್ತಾಗಬೇಕಿತ್ತು. ಅವಳ ಮಂಚದ ಪಕ್ಕ ಸ್ಟೂಲ್ ಮೇಲೆ ಒಂದು ಸ್ಟೀಲ್ ಚೊಂಬು. ಬೆಳಿಗ್ಗೆ ನಾನೇ ನೀರು ತುಂಬಿಸಿ, ಊರಿನ ಅಭ್ಯಾಸದಂತೆ ಒಂದು ತುಳಸಿ ಎಲೆ ಹಾಕಿ, ತಟ್ಟೆ ಮುಚ್ಚಿ ಹೋಗುತ್ತಿದ್ದೆ. ಸಂಜೆ ಬಂದು ತಟ್ಟೆ ಎತ್ತಿದರೆ ಚೊಂಬು ತುಂಬಿರುತ್ತಿತ್ತು. ಮಾವಶಿ ಮತ್ತೆ ತುಂಬಿಸಿದ್ದಾರೆ ಅಂತ ಸಮಾಧಾನ. ಆದರೆ ತುಳಸಿ ಎಲೆಯೂ ಅಲ್ಲೇ ತೇಲುತ್ತಿತ್ತು, ನಾನು ಹಾಕಿದ ಎಲೆಯೇ. ಅದನ್ನು ದಿನಾ ಕಣ್ಣಾರೆ ನೋಡಿದ್ದೇನೆ. 'ನೀರು ಕುಡಿದ್ಯಾ ಅಮ್ಮ?' ಅಂದರೆ 'ಹೂಂ ಮಗಾ' ಅನ್ನುತ್ತಿದ್ದಳು. ದಣಿದು ಬಂದ ಮಗಳಿಗೆ ಇನ್ನೊಂದು ಚಿಂತೆ ಯಾಕೆ ಅಂತ.

ನನ್ನ ಹತ್ತಿರ 11 ದಿನ ರಜೆ ಇತ್ತು. ಚೌತಿಗೆ ಊರಿಗೆ ಹೋಗಲು ಕೂಡಿಟ್ಟಿದ್ದೆ. ಅದರಲ್ಲಿ ಮೂರು ದಿನ ಹಾಕಿ ಪಕ್ಕದ ರೂಮಿನಲ್ಲಿ ಸುಮ್ನೆ ಕೂತಿದ್ದರೂ ಸಾಕಿತ್ತು. ಒಂದು ಮಧ್ಯಾಹ್ನ ಸಾಕಿತ್ತು. ಇದನ್ನು ಮತ್ತೆ ಮತ್ತೆ ಹೇಳುತ್ತಿದ್ದೇನೆ, ಬೇಸರ ಮಾಡಿಕೊಳ್ಳಬೇಡಿ.

ಜುಲೈನಲ್ಲಿ ಒಂದು ರಾತ್ರಿ ಅಮ್ಮ ಎದ್ದು ಕೂತು 'ಹಟ್ಟಿಯಲ್ಲಿ ಕರು ಕೂಗ್ತಿತ್ತ್' ಅಂದಳು. ತೀರಿಹೋದ ತಮ್ಮನನ್ನು ಕರೆದಳು. ಹೊದಿಕೆಯ ದಾರ ಕೀಳುತ್ತಾ ಕೂತಳು. ಬೆಳಿಗ್ಗೆ ಸರಿಯಾಗಿದ್ದಳು, ಸಂಜೆಗೆ ಮತ್ತೆ ಅದೇ. ವಯಸ್ಸಾಯಿತು, ಅರಳು ಮರಳು ಅಂತ ಎಲ್ಲರೂ ಅಂದರು. ನಾವೂ ಒಪ್ಪಿಕೊಂಡೆವು. ನಿದ್ದೆ ಬರಲಿ ಅಂತ ಹತ್ತಿರದ ಒಬ್ಬ ಡಾಕ್ಟರನ್ನು ಕೇಳಿ ಮಾತ್ರೆ ತಂದೆವು. ಐದನೇ ರಾತ್ರಿ ಆ ಮಂಪರಿನಲ್ಲೇ ಎದ್ದು ಹೋಗಿ ಬಾತ್‌ರೂಮಿನ ಹೊಸ್ತಿಲಲ್ಲಿ ಬಿದ್ದಳು. ಸೊಂಟದ ಮೂಳೆ ಮುರಿಯಿತು.

ಆಸ್ಪತ್ರೆಯಲ್ಲಿ ಮೂತ್ರ ಪರೀಕ್ಷೆ ಮಾಡಿದರು. ಸೋಂಕು ಜೋರಾಗಿತ್ತು, ಮೈಯಲ್ಲಿ ನೀರಿನಂಶ ತುಂಬಾ ಕಮ್ಮಿ. ಅಲ್ಲಿನ ಡಾಕ್ಟರ್ ಕೂತು ತಿಳಿಸಿ ಹೇಳಿದರು. ಮರೆವಿನ ಕಾಯಿಲೆ, ಅಂದರೆ ಡಿಮೆನ್ಶಿಯಾ, ತಿಂಗಳು ವರ್ಷಗಟ್ಟಲೆ ನಿಧಾನವಾಗಿ ಬರುತ್ತದೆ. ಹೀಗೆ ಒಂದೆರಡು ದಿನದಲ್ಲಿ ಬಂದು, ಬೆಳಿಗ್ಗೆ ಕಮ್ಮಿ ಸಂಜೆ ಜಾಸ್ತಿ ಆಗುವ ಗೊಂದಲಕ್ಕೆ ಡೆಲಿರಿಯಂ ಅನ್ನುತ್ತಾರೆ. ಅದಕ್ಕೆ ಏನೋ ಒಂದು ಕಾರಣ ಇರುತ್ತದೆ. ಸೋಂಕು, ನೀರಿನ ಕೊರತೆ, ಹೊಸ ಮಾತ್ರೆ, ಮಲಬದ್ಧತೆ ಕೂಡ. ಕಾರಣ ಹುಡುಕಿ ಸರಿ ಮಾಡಿದರೆ ಎಷ್ಟೋ ಸಲ ಗೊಂದಲ ಇಳಿಯುತ್ತದೆ. ವಯಸ್ಸಾದಂತೆ ಬಾಯಾರಿಕೆಯೇ ಕಮ್ಮಿ ಆಗುತ್ತದೆ, ಸೋಂಕಿದ್ದರೂ ಜ್ವರ ಬರದೇ ಇರಬಹುದು ಅಂದರು. ಔಷಧ ಶುರುವಾದ ನಾಲ್ಕನೇ ದಿನ ಅಮ್ಮ ನನ್ನನ್ನು ನೋಡಿ 'ಆಫೀಸಿಗೆ ಹೋಯ್ಲ್ಯಾ?' ಅಂತ ಕೇಳಿದಳು. ಅರಳು ಮರಳು ಆಗಿರಲೇ ಇಲ್ಲ.

ಸೊಂಟಕ್ಕೆ ಆಪರೇಷನ್ ಆಯಿತು. ವಾಕರ್ ಹಿಡಿದು ಮನೆಯೊಳಗೆ ನಡೆದಳು, ಅಷ್ಟೇ. ನಮ್ಮದು ಮೂರನೇ ಮಹಡಿ, ಲಿಫ್ಟ್ ಇಲ್ಲ. ಅಲ್ಲಿಂದ ಮುಂದೆ ಎರಡು ವರ್ಷ ಬದುಕಿದಳು, ಊರನ್ನು ಮತ್ತೆ ನೋಡಲಿಲ್ಲ. ಮಾವಶಿಯನ್ನು ನಾನು ದೂರುವುದಿಲ್ಲ. ಅವರು ಕೇಳುತ್ತಿದ್ದರು, ನಕೋ ಅಂದದ್ದಕ್ಕೆ ಬಿಡುತ್ತಿದ್ದರು.

ಆಮೇಲೆ ನಮ್ಮ ಬೀದಿಯ ಉಡುಪಿ ಹೋಟೆಲಿನ ಕ್ಯಾಷಿಯರ್, ಅಮ್ಮನನ್ನು ನೋಡಿಕೊಳ್ಳಲು ಒಬ್ಬ ಹೆಂಗಸನ್ನು ತೋರಿಸಿಕೊಟ್ಟರು. ಕಲಬುರಗಿ ಕಡೆಯವರು, ಗಂಡ ಕಟ್ಟಡ ಕೆಲಸಕ್ಕೆ ಹೋಗುತ್ತಿದ್ದರು. ಆಯಾ ಕೆಲಸ ಅವರಿಗೆ ಹೊಸದು. ವಾಕರ್ ಹಿಡಿಸುವುದು, ಪಕ್ಕಕ್ಕೆ ಹೊರಳಿಸುವುದು ಎಲ್ಲ ಫಿಸಿಯೋಥೆರಪಿಯವರು ಒಂದು ವಾರದಲ್ಲಿ ಕಲಿಸಿದರು. ಅವರ ಕನ್ನಡ ಅಮ್ಮನಿಗೆ ಮೊದಮೊದಲು ಅರ್ಧ ತಿಳಿಯುತ್ತಿರಲಿಲ್ಲ. ಆದರೂ 'ಯವ್ವಾ, ನೀರ್ ಕುಡಿ' ಅಂತ ಲೋಟ ಬಾಯಿಗೆ ಹಿಡಿದು ನಿಂತರೆ ಅಮ್ಮ ಕುಡಿಯುತ್ತಿದ್ದಳು.

ಹಾಗಾಗಿ ನಿಮ್ಮ ಪ್ರಶ್ನೆಯನ್ನೇ ನಾನು ಒಪ್ಪುವುದಿಲ್ಲ. ಆಯಾನೋ ಆಶ್ರಮವೋ ಅನ್ನುವುದು ಆಮೇಲಿನ ಮಾತು. ಮಧ್ಯಾಹ್ನ ಮೂರು ಗಂಟೆಗೆ ನಿಮ್ಮಮ್ಮನಿಗೆ ಬಾತ್‌ರೂಮಿಗೆ ಹೋಗಬೇಕು ಅನಿಸಿದರೆ ಯಾರಿಗೆ ಹೇಳುತ್ತಾರೆ, ಯಾವ ಮಾತಿನಲ್ಲಿ ಹೇಳುತ್ತಾರೆ? ಇದಕ್ಕೆ ಉತ್ತರ ಇಲ್ಲದಿದ್ದರೆ ದಿನಕ್ಕೆ ಸಾವಿರ ಕೊಟ್ಟರೂ ದಂಡ. ಆಶ್ರಮಕ್ಕೆ ಸೇರಿಸುವುದು ಪಾಪ ಅಂತ ನಾನು ಹೇಳುವುದಿಲ್ಲ, ಜನರ ಮಾತು ಬಿಡಿ. ಆದರೆ ನೋಡಲು ಹೋಗುವಾಗ ಮೊದಲೇ ಹೇಳದೆ ಮಧ್ಯಾಹ್ನದ ಹೊತ್ತಿಗೆ ಹೋಗಿ. ಅಲ್ಲಿ ಕನ್ನಡ ತಿಳಿಯುವವರು ಒಬ್ಬರಾದರೂ ಇದ್ದಾರಾ ನೋಡಿ.

ಆಯಾ ಇಡುವುದಾದರೆ ಮೊದಲು ರಜೆ ಹಾಕಿ. ಕನ್ನಡದವರು ಸಿಗದಿದ್ದರೆ ನೀರು, ಬಾತ್‌ರೂಮ್, ನೋವು, ತಲೆ ಸುತ್ತು, ಈ ನಾಲ್ಕು ಮಾತನ್ನು ಇಬ್ಬರಿಗೂ ಕಲಿಸಿ. ಬಾರಿಸಿ ಕರೆಯಲು ಅಮ್ಮನ ಕೈಗೊಂದು ಗಂಟೆ ಕೊಡಿ. ಚೊಂಬು ಬೇಡ, ಗೆರೆ ಇರುವ ಬಾಟಲಿ ಇಡಿ, ಎಷ್ಟು ಇಳಿಯಿತು ಅಂತ ಕಾಣಬೇಕು. ಹೃದಯ, ಕಿಡ್ನಿ ತೊಂದರೆ ಇದ್ದರೆ ಎಷ್ಟು ನೀರು ಅಂತ ಡಾಕ್ಟರನ್ನೇ ಕೇಳಿ. ಇದ್ದಕ್ಕಿದ್ದ ಹಾಗೆ ಏನೇನೋ ಮಾತಾಡಲು ಶುರು ಮಾಡಿದರೆ ಅದೇ ದಿನ ಡಾಕ್ಟರ್ ಹತ್ತಿರ ಹೋಗಿ, ನಮ್ಮ ಹಾಗೆ ಐದು ದಿನ ಕಾಯಬೇಡಿ. ನಿದ್ದೆ ಮಾತ್ರೆಯನ್ನಂತೂ ನೀವಾಗಿ ಕೇಳಿ ತರಬೇಡಿ.

ಖರ್ಚಿನ ಬಗ್ಗೆ ಒಂದು ಮಾತು. 2024ರ ಅಕ್ಟೋಬರ್‌ನಿಂದ 70 ತುಂಬಿದವರಿಗೆ ಆದಾಯ ಎಷ್ಟೇ ಇದ್ದರೂ ಆಯುಷ್ಮಾನ್ ಕಾರ್ಡ್ ಇದೆ, ವರ್ಷಕ್ಕೆ 5 ಲಕ್ಷದವರೆಗೆ ಆಸ್ಪತ್ರೆ ಖರ್ಚು. ನಮ್ಮ ಕಾಲಕ್ಕೆ ಇರಲಿಲ್ಲ. ಈಗಲೇ ಮಾಡಿಸಿಡಿ. ಹಿರಿಯರ ಸಹಾಯವಾಣಿ 14567 ಕೂಡ ಇದೆ, ಬೆಳಿಗ್ಗೆ 8ರಿಂದ ರಾತ್ರಿ 8ರವರೆಗೆ.

ನಿಮ್ಮಮ್ಮ ಯಾವ ಕಡೆಯವರು ಅಂತ ನೀವು ಬರೆದಿಲ್ಲ. ತಿಳಿಸಿ. ನನ್ನಮ್ಮನನ್ನು ನೋಡಿಕೊಂಡ ಆ ಕಲಬುರಗಿಯವರು ಈಗ ಥಾಣೆ ನಗರದಲ್ಲಿ ಇನ್ನೊಂದು ಮನೆಯಲ್ಲಿ ಇದ್ದಾರೆ. ಅವರ ಪರಿಚಯದಲ್ಲಿ ಯಾರಾದರೂ ಇದ್ದಾರಾ ಅಂತ ಈ ಭಾನುವಾರವೇ ಕೇಳುತ್ತೇನೆ.