ಕುರಿ ಸಾಲಕ್ಕಿಂತ ಮೊದಲು ಹಾಲಿನ ದುಡ್ಡು

ನಾನು ಆಪ್ತಸಮಾಲೋಚಕಿ. ಇರುವುದು ಯಲಹಂಕದಲ್ಲಿ, ಕೃಷಿ ವಿಶ್ವವಿದ್ಯಾಲಯದ ಜಿಕೆವಿಕೆಗೆ ಹತ್ತಿರ. ಕೃಷಿ ಮೇಳ ಮುಗಿದ ಮೇಲೆ ಒಂದು ಥರದ ಮನೆಯವರು ನನ್ನ ಹತ್ತಿರ ಜಾಸ್ತಿ ಬರುತ್ತಾರೆ. ಮಗ ಮೇಳದಲ್ಲಿ ಕುರಿ ಶೆಡ್ ನೋಡಿ ಬಂದಿರುತ್ತಾನೆ, ಅಪ್ಪ 'ಓದಿಸಿದ್ದು ಇದಕ್ಕಾ' ಅಂದಿರುತ್ತಾರೆ, ಅಲ್ಲಿಗೆ ಮಾತು ಬಂದ್. ಅಂಥದ್ದೇ ಒಂದು ಪ್ರಕರಣ ಇದು. ಗುರುತು ಸಿಗದ ಹಾಗೆ ವಿವರ ಬದಲಿಸಿದ್ದೇನೆ.

ಹುಡುಗನನ್ನು ಶಿವು ಅನ್ನೋಣ. ದೊಡ್ಡಬಳ್ಳಾಪುರದ ಕಡೆಯವನು. ಬಿಕಾಂ ಮುಗಿಸಿ, ಬೆಂಗಳೂರಿನ ಗೋಡೌನ್ ಕೆಲಸ ಬಿಟ್ಟು ಊರಿಗೆ ವಾಪಸಾಗಿದ್ದ. ಸ್ವಲ್ಪ ಜಮೀನು, ನಾಲ್ಕು ಸೀಮೆಹಸು. ಹಾಲು ಕರೆಯುವ ಹೊತ್ತು ಬಿಟ್ಟರೆ ರೂಮಿಂದ ಆಚೆ ಬರಲ್ಲ ಅಂತ ಅಮ್ಮ ಕರೆತಂದಿದ್ದರು. ಸಾಯುವ ಯೋಚನೆ ಬರುತ್ತಾ ಅಂತ ನೇರವಾಗಿ ಕೇಳಿದೆ. ಇಲ್ಲ ಅಂದ. ಹೀಗೆ ಕೇಳಿದರೆ ನಾವೇ ತಲೆಗೆ ತುಂಬಿದ ಹಾಗಾಗುತ್ತೆ ಅಂತ ಮನೆಯವರು ಹೆದರುತ್ತಾರೆ, ಹಾಗೇನೂ ಆಗಲ್ಲ. ಹೌದು ಅಂದಿದ್ದರೆ ಕುರಿ ವಿಷಯ ಪಕ್ಕಕ್ಕಿಟ್ಟು ಮೊದಲು ಡಾಕ್ಟರ ಹತ್ತಿರ ಕಳಿಸುತ್ತಿದ್ದೆ.

ಅವನ ಪ್ಲಾನ್ ದೊಡ್ಡದು. ರಾಷ್ಟ್ರೀಯ ಜಾನುವಾರು ಮಿಷನ್‌ನಲ್ಲಿ 100 ಹೆಣ್ಣು ಕುರಿ, 5 ಟಗರಿನ ಘಟಕಕ್ಕೆ ಅರ್ಧ ಸಬ್ಸಿಡಿ ಇದೆ, ಹೆಚ್ಚೆಂದರೆ 10 ಲಕ್ಷ. ಉಳಿದದ್ದಕ್ಕೆ ಬ್ಯಾಂಕ್ ಸಾಲ ಇಲ್ಲವೇ ಕೈದುಡ್ಡು. ಪಹಣಿ ಮಾತ್ರ ಅಪ್ಪನ ಹೆಸರಲ್ಲಿದೆ, ಅವರು ಸಹಿ ಹಾಕಲ್ಲ.

ಎರಡನೇ ಸಲ ಅಪ್ಪನೂ ಬಂದರು. ಕೂತವರೇ, "ನಾನೇನು ಕಮ್ಮಿ ಮಾಡಿದ್ದೀನಿ ಮೇಡಂ, ಕೇಳಿದಾಗೆಲ್ಲ ದುಡ್ಡು ಕೊಟ್ಟಿದ್ದೀನಿ" ಅಂದರು. ಶಿವು ಉತ್ತರ ಕೊಡಲಿಲ್ಲ. ಜೇಬಿಂದ ಹಾಲಿನ ಡೈರಿಯ ಚೀಟಿಗಳ ಒಂದು ಕಟ್ಟು ತೆಗೆದು ಮೇಜಿನ ಮೇಲಿಟ್ಟ. ರಬ್ಬರ್ ಬ್ಯಾಂಡ್ ಹಾಕಿ, ತಾರೀಖಿನ ಪ್ರಕಾರ ಜೋಡಿಸಿದ್ದ. ಒಂದನ್ನು ಅಪ್ಪನ ಕಡೆ ತಿರುಗಿಸಿ, ಹಾಲಿನಲ್ಲಿ ಕೊಬ್ಬು ಬಿಟ್ಟು ಉಳಿದ ಗಟ್ಟಿ ಅಂಶದ ಅಂಕಿ ತೋರಿಸಿ, "ಎಸ್‌ಎನ್‌ಎಫ್ 8.5 ಇದ್ದದ್ದು 8.1ಕ್ಕೆ ಬಿದ್ದಿದೆ. ಲೀಟರಿಗೆ ರೇಟ್ ಕಟ್ ಆಗ್ತಿದೆ. ಮಿನರಲ್ ಮಿಕ್ಸ್ಚರ್ ತರೋಣ ಅಂತ ಯುಗಾದಿಯಿಂದ ಹೇಳ್ತಿದ್ದೀನಿ" ಅಂದ. ಅಪ್ಪ ಚೀಟಿಯನ್ನು ದೂರ ಹಿಡಿದು ಓದಿದರು. "ಹೇಳಿದ್ರೆ ತರ್ತಿದ್ನಲ್ಲೋ."

"ಹೇಳಿದ್ದೆ. ಕರು ಹಾಕೋ ರಾತ್ರಿ ಎದ್ದಿರೋನು ನಾನು. ಹಾಲಿನ ದುಡ್ಡಿನ ಬಟವಾಡೆ ನಿನ್ನ ಖಾತೆಗೆ. ಬೈಕಿಗೆ ಪೆಟ್ರೋಲ್ ಹಾಕ್ಸೋಕೂ ನಿನ್ನ ಕೇಳ್ಬೇಕು. ನೀನು ಕೊಡ್ತೀಯ, ಇಲ್ಲ ಅನ್ನಲ್ಲ. ನನಗೆ ಕೇಳೋದೇ ಸಾಕಾಗಿದೆ ಅಪ್ಪ."

ಅಮ್ಮ ಸೆರಗಿನಿಂದ ಕಣ್ಣು ಒರೆಸಿಕೊಂಡರು. ಅಪ್ಪ ಚೀಟಿಗಳನ್ನು ಒಂದೊಂದಾಗಿ ನೋಡುತ್ತಲೇ ಇದ್ದರು. ಸಂಬಳ ಬರುವ ಕೆಲಸ ಬಿಟ್ಟು ಊರಿಗೆ ಬಂದ ಹುಡುಗ ಮನೆಯಲ್ಲಿ ಮತ್ತೆ ಹೈಸ್ಕೂಲ್ ಹುಡುಗನಾಗಿಬಿಡುತ್ತಾನೆ, ಇದು ಯಾವ ತರಬೇತಿಯಲ್ಲೂ ಯಾರೂ ಮಾತಾಡದ ವಿಷಯ, ಅದಕ್ಕೇ ಅವನಿಗೆ ನೂರು ಕುರಿಯ ಕನಸು ಅಷ್ಟು ಜೋರಾಗಿ ಹಿಡಿಯುತ್ತೆ ಅಂತ ನನಗನಿಸುತ್ತೆ.

ನಾನು ಹೇಳಿದ್ದು ಇಷ್ಟು. ಎರಡು ಹಸು ಪೂರ್ತಿ ಶಿವುದು. ಮೇವು, ಹಿಂಡಿ, ಡಾಕ್ಟರ್ ಖರ್ಚು ಅವನದು, ಹಾಲಿನ ದುಡ್ಡೂ ಅವನದು. ಡೈರಿ ಸದಸ್ಯತ್ವ ಅವನ ಹೆಸರಿಗೂ ಆಗುತ್ತಾ ಅಂತ ಕಾರ್ಯದರ್ಶಿಯನ್ನು ಕೇಳಿ. ಆಗದಿದ್ದರೆ ಬಟವಾಡೆ ದಿನವೇ ಅವನ ಖಾತೆಗೆ ಹಾಕಿ, ಸರ್ಕಾರದ ಪ್ರೋತ್ಸಾಹಧನ ಬಂದಾಗ ಅದನ್ನೂ. ನಷ್ಟ ಆದರೆ ಬೈಯಬೇಡಿ, ಲೆಕ್ಕ ಕೇಳಿ. ಕುರಿ ಬೇಕೇ ಬೇಕು ಅಂದರೆ ಹತ್ತು ಹೆಣ್ಣು, ಒಂದು ಟಗರು. ಕುರಿಗೆ ಗಬ್ಬ ಐದು ತಿಂಗಳು. ಒಂದು ಸಲ ಮರಿ ಹಾಕಿಸಿ, ಪಿಪಿಆರ್ (ಕುರಿ-ಮೇಕೆಗಳ ಪ್ಲೇಗ್) ಮತ್ತು ಕರುಳು ಬೇನೆ ಲಸಿಕೆ ಹಾಕಿಸಿ, ಒಂದು ಮಳೆಗಾಲ ಕಳೆದು, ಆಮೇಲೆ ನೂರರ ಅರ್ಜಿ. ಅಷ್ಟರಲ್ಲಿ ನೆಲಮಂಗಲದ ಹತ್ತಿರದ ಅರಿಶಿನಕುಂಟೆಯಲ್ಲಿರುವ ಸ್ವಉದ್ಯೋಗ ತರಬೇತಿ ಸಂಸ್ಥೆ ರುಡ್‌ಸೆಟ್‌ನಲ್ಲಿ ಊಟ-ವಸತಿ ಸಹಿತ ಉಚಿತ ತರಬೇತಿ ಮುಗಿಸಿಕೊಳ್ಳಲಿ.

ಆಮೇಲೆ ಅವನ ಸೋದರಮಾವ ಫೋನ್ ಮಾಡಿ, ಬುದ್ಧಿ ಹೇಳಿ ಕಂಪನಿಗೆ ವಾಪಸ್ ಕಳಿಸೋದು ಬಿಟ್ಟು ಸಗಣಿ ಬಾಚೋಕೆ ಹಚ್ಚಿದ್ರಲ್ಲ, ಇವನಿಗೆ ಹೆಣ್ಣು ಯಾರು ಕೊಡ್ತಾರೆ ಅಂದರು. ಹೆಣ್ಣಿನ ಮಾತು ಸುಳ್ಳಲ್ಲ, ನಾನೂ ದಿನಾ ಕೇಳುತ್ತೇನೆ. ಆದರೆ ಕೈಯಲ್ಲಿ ಸ್ವಂತ ದುಡ್ಡಿಲ್ಲದ ಹುಡುಗನಿಗೆ ಯಾರೂ ಕೊಡಲ್ಲ, ಅವನು ಕಂಪನಿಯಲ್ಲಿರಲಿ, ಕೊಟ್ಟಿಗೆಯಲ್ಲಿರಲಿ. ಇನ್ನೊಂದು ಕಡೆ, ಯುವಕರಿಗೆ ಧೈರ್ಯ ತುಂಬೋದು ಬಿಟ್ಟು ಸಣ್ಣದಾಗಿ ಶುರು ಮಾಡು ಅಂತೀರಲ್ಲ ಅಂತ ಪಶುಪಾಲನೆ ಇಲಾಖೆಯ ಗೆಳೆಯರೊಬ್ಬರು ಬೇಜಾರಾದರು. ಸಬ್ಸಿಡಿ ಬರುವುದು ಎರಡು ಕಂತಲ್ಲಿ, ಸಾಲದ ಕಂತು ಅದಕ್ಕಾಗಿ ಕಾಯಲ್ಲ. ಮೊದಲ ಬೇನೆಗೇ ಇಪ್ಪತ್ತು ಕುರಿ ಸತ್ತ ಮನೆಗಳೂ ನನ್ನ ಹತ್ತಿರ ಬಂದಿವೆ, ಹಾಗಾಗಿ ನನ್ನ ಮಾತು ಬದಲಿಸಲ್ಲ.

ಅಪ್ಪ ಹಸುಗಳಿಗೆ ಒಪ್ಪಿದರು, ಕುರಿಗೆ ಇನ್ನೂ ಇಲ್ಲ. ಶಿವು ಈಗ ಪಡಸಾಲೆಯಲ್ಲಿ ಕೂತು ಊಟ ಮಾಡುತ್ತಾನಂತೆ, ಹಿಂಡಿ ರೇಟಿನ ಮೇಲೆ ಅಪ್ಪನ ಜೊತೆ ಜಗಳ ಆಡುತ್ತಾನಂತೆ. ಪಹಣಿ, ಸಹಿ ವಿಷಯಕ್ಕೆ ಮುಂದಿನ ಸಲ ಮೂರೂ ಜನ ಬರಬೇಕು ಅಂತ ಹೇಳಿದ್ದೇನೆ.