ಟರ್ಕಿಯ ಬೆಣ್ಣೆ ಪಿಲಾವ್: ಓದುಗರ ಪ್ರಶ್ನೆಗಳಿಗೆ ಉತ್ತರ

ಅಕ್ಕಿ, ಬೆಣ್ಣೆ, ಒಂದಿಷ್ಟು ಶ್ಯಾವಿಗೆ, ಉಪ್ಪು, ನೀರು. ಟರ್ಕಿಯ ಮನೆಗಳಲ್ಲಿ ದಿನವೂ ಬೇಯುವ ಪಿಲಾವ್‌ಗೆ ಇಷ್ಟೇ ಸಾಮಾನು ಸಾಕು. ಮಸಾಲೆಯೇ ಇಲ್ಲದ ಅಡುಗೆಯಾದ್ದರಿಂದ ತೊಳೆಯುವುದರಲ್ಲಿ, ನೀರಿನ ಅಳತೆಯಲ್ಲಿ ಆದ ಸಣ್ಣ ತಪ್ಪೂ ತಟ್ಟೆಯಲ್ಲಿ ಎದ್ದು ಕಾಣುತ್ತದೆ. ಈ ಬಗ್ಗೆ ಬಂದ ಪತ್ರಗಳಲ್ಲಿ ಕೆಲವನ್ನು ಆರಿಸಿ ಉತ್ತರಿಸಿದ್ದೇವೆ. ಉತ್ತರಗಳಲ್ಲಿ ಲೋಟ ಎಂದರೆ 200 ಮಿ.ಲೀ. ಹಿಡಿಯುವ ಲೋಟ.

ಪ್ರಶ್ನೆ: ಟರ್ಕಿಯ ಪಿಲಾವ್‌ಗೂ ನಾವು ಮಾಡುವ ಪಲಾವ್‌ಗೂ ಏನು ವ್ಯತ್ಯಾಸ? ಅಲ್ಲಿನ ಮನೆಗಳಲ್ಲಿ ಮಾಡುವ ಕ್ರಮವನ್ನು ಅಳತೆಸಮೇತ ತಿಳಿಸಿ.
(ಓದುಗರು, ದಾವಣಗೆರೆ)

ಉತ್ತರ: ನಮ್ಮ ಪಲಾವ್‌ಗೆ ರುಚಿ ಬರುವುದು ಚಕ್ಕೆ-ಲವಂಗ, ಹಸಿಮೆಣಸಿನಕಾಯಿ, ಪುದೀನ-ಕೊತ್ತಂಬರಿಯಿಂದ. ಟರ್ಕಿಯ ಪಿಲಾವ್‌ನಲ್ಲಿ ಅಕ್ಕಿ ಮತ್ತು ಬೆಣ್ಣೆಯ ರುಚಿಯೇ ಮುಖ್ಯ. ದಿನನಿತ್ಯದ ಪಿಲಾವ್‌ಗೆ ಈರುಳ್ಳಿ, ಬೆಳ್ಳುಳ್ಳಿಯನ್ನೂ ಹಾಕುವ ರೂಢಿಯಿಲ್ಲ. ಬಿಳಿ ಬೀನ್ಸ್ ಕಾಳಿನ ಗೊಜ್ಜಿನಂಥ ಕುರು ಫಸುಲ್ಯೆ ಜೊತೆಗೋ ಮಾಂಸದ ಅಡುಗೆಯ ಜೊತೆಗೋ ಬಡಿಸುವ ಅನ್ನ ಇದು. ಪಕ್ಕದಲ್ಲಿ ಮೊಸರು ಅಥವಾ ಉಪ್ಪುನೀರಿನಲ್ಲಿ ಹಾಕಿದ ತರಕಾರಿ ಇರುತ್ತದೆ. ಗರಂ ಮಸಾಲೆ, ಅರಿಶಿನ ಹಾಕಿದರೆ ಅದು ಬೇರೆಯೇ ತಿಂಡಿಯಾಗುತ್ತದೆ. ಮೊದಲ ಸಲವಾದರೂ ಹಾಕದೇ ಮಾಡಿ.

ನಾಲ್ಕು ಜನಕ್ಕೆ ಬಾಲ್ಡೊ ಎಂಬ ದಪ್ಪ ಅಕ್ಕಿ 2 ಲೋಟ, ಉಪ್ಪಿಲ್ಲದ ಬೆಣ್ಣೆ 40 ಗ್ರಾಂ, ಸೂರ್ಯಕಾಂತಿ ಎಣ್ಣೆ 1 ದೊಡ್ಡ ಚಮಚ, ಶ್ಯಾವಿಗೆ 3 ದೊಡ್ಡ ಚಮಚ, ಉಪ್ಪು ಒಂದೂವರೆ ಚಹಾ ಚಮಚ, ನಿಂಬೆರಸ ಅರ್ಧ ಚಹಾ ಚಮಚ, ಕುದಿಯುವ ನೀರು ಅಥವಾ ಕೋಳಿ ಬೇಯಿಸಿದ ನೀರು 3 ಲೋಟ ಬೇಕು.

ಅಕ್ಕಿಯನ್ನು ಒಂದು ಚಮಚ ಉಪ್ಪು ಬೆರೆಸಿದ ಬಿಸಿನೀರಿನಲ್ಲಿ 20ರಿಂದ 30 ನಿಮಿಷ ನೆನೆಸಿ. ನೀರು ಕೈಗೆ ಹಿತವಾಗಿ ಬೆಚ್ಚಗಿದ್ದರೆ ಸಾಕು. ಕುದಿನೀರು ಹಾಕಿದರೆ ಕಾಳಿನ ಹೊರಪದರ ಅಲ್ಲೇ ಬೇಯಲು ಶುರುವಾಗಿ ಆಮೇಲೆ ಅಂಟುತ್ತದೆ. ನೆನೆದ ಅಕ್ಕಿಯನ್ನು ತಣ್ಣೀರಿನಲ್ಲಿ, ನೀರು ತಿಳಿಯಾಗುವವರೆಗೂ ತೊಳೆಯಿರಿ. ಸಾಮಾನ್ಯವಾಗಿ ನಾಲ್ಕೈದು ನೀರು ಬೇಕಾಗುತ್ತದೆ. ಉಜ್ಜಬೇಡಿ, ನೆನೆದ ಕಾಳು ಬೇಗ ಮುರಿಯುತ್ತದೆ. ಜರಡಿಗೆ ಸುರಿದು 10 ನಿಮಿಷ ಬಿಡಿ. ಹಲವರು ಅವಸರ ಮಾಡುವುದೇ ಇಲ್ಲಿ. ಅಕ್ಕಿಯಲ್ಲಿ ಉಳಿದ ನೀರು ಅಳತೆಯನ್ನೂ ಕೆಡಿಸುತ್ತದೆ, ಹುರಿಯುವುದಕ್ಕೂ ಬಿಡುವುದಿಲ್ಲ.

ಅಗಲವಾದ, ದಪ್ಪ ತಳದ ಪಾತ್ರೆಯಲ್ಲಿ ಎಣ್ಣೆ, ಬೆಣ್ಣೆ ಕಾಯಿಸಿ ಶ್ಯಾವಿಗೆ ಹಾಕಿ, ಬಾದಾಮಿ ಸಿಪ್ಪೆಯ ಬಣ್ಣ ಬರುವವರೆಗೆ ಬಿಡದೆ ಕೈಯಾಡಿಸಿ. ಬಸಿದ ಅಕ್ಕಿ ಸೇರಿಸಿ ಮಧ್ಯಮ ಉರಿಯಲ್ಲಿ 3ರಿಂದ 4 ನಿಮಿಷ ಹುರಿಯಿರಿ. ಮೊದಲು ಕಾಳುಗಳು ಒಂದಕ್ಕೊಂದು ಅಂಟಿಕೊಂಡು ಸೌಟಿಗೆ ಮೆತ್ತಿಕೊಳ್ಳುತ್ತವೆ. ತೇವ ಆರಿದಂತೆ ಬಿಡಿಬಿಡಿಯಾಗಿ ಜಾರತೊಡಗುತ್ತವೆ, ಸೌಟು ಆಡಿಸಿದರೆ ಸಳಸಳ ಸದ್ದು ಬರುತ್ತದೆ. ನೀರು ಹಾಕಲು ಅದೇ ಹದ. ಅಕ್ಕಿ ಕೆಂಪಾಗಬಾರದು, ಅತಿಯಾಗಿ ಹುರಿದ ಕಾಳಿನ ಮೇಲ್ಮೈ ಗಡುಸಾಗಿ ನೀರು ಸರಿಯಾಗಿ ಒಳಗಿಳಿಯುವುದಿಲ್ಲ.

ಈಗ ಕುದಿಯುವ ನೀರು, ಉಪ್ಪು, ನಿಂಬೆರಸ ಹಾಕಿ ತಳ ಕೆರೆದು ಒಂದೇ ಸಲ ಕಲಕಿ. ನೀರಿನ ರುಚಿ ನೋಡಿ, ನೀವು ಕುಡಿಯುವ ಸಾರಿಗಿಂತ ಸ್ವಲ್ಪ ಉಪ್ಪು ಮುಂದಿರಬೇಕು. ದೊಡ್ಡ ಉರಿಯಲ್ಲಿ 2 ನಿಮಿಷ ಕುದಿಸಿ, ಮುಚ್ಚಳ ಹಾಕಿ, ಅತಿ ಸಣ್ಣ ಉರಿಯಲ್ಲಿ 12ರಿಂದ 14 ನಿಮಿಷ ಬಿಡಿ. ಮೇಲ್ಗಡೆ ನೀರು ಇಂಗಿ ಸಣ್ಣ ಸಣ್ಣ ತೂತುಗಳು ಕಂಡರೆ ಒಲೆ ಆರಿಸಿ. ಪಾತ್ರೆಯ ಬಾಯಿಗೆ ಒಣ ಹತ್ತಿ ಬಟ್ಟೆ ಹೊದಿಸಿ ಮೇಲೆ ಮುಚ್ಚಳ ಬಿಗಿಯಾಗಿಡಿ, ಬಟ್ಟೆಯ ಅಂಚುಗಳನ್ನು ಮುಚ್ಚಳದ ಮೇಲಕ್ಕೆ ಮಡಚಿ. ಹೀಗೆ 15ರಿಂದ 20 ನಿಮಿಷ ದಮ್‌ನಲ್ಲಿರಲಿ. ಬಟ್ಟೆಯಿಲ್ಲದಿದ್ದರೆ ಮುಚ್ಚಳಕ್ಕೆ ಹಿಡಿದ ಹಬೆ ಹನಿಯಾಗಿ ಮತ್ತೆ ಅನ್ನಕ್ಕೇ ಬೀಳುತ್ತದೆ. ಈ ಹೊತ್ತಿನಲ್ಲಿ ತಳದ ತೇವ ಮೇಲಿನ ಅಗುಳಿಗೂ ಹರಡುತ್ತದೆ, ಅಗುಳು ಸ್ವಲ್ಪ ಗಟ್ಟಿಯಾಗುತ್ತದೆ. ಆಮೇಲೆ ಮರದ ಸೌಟಿನಿಂದ ಅಂಚಿನಿಂದ ಒಳಕ್ಕೆ ಮೆಲ್ಲಗೆ ಎತ್ತಿ ಬಿಡಿಸಿ.

ಪ್ರಶ್ನೆ: ಬಾಲ್ಡೊ ಅಕ್ಕಿ ನಮ್ಮೂರಲ್ಲಿ ಸಿಗುವುದಿಲ್ಲ. ಸೋನಾ ಮಸೂರಿ ಅಥವಾ ಬಾಸ್ಮತಿ ಆಗುತ್ತದೆಯೇ?
(ಓದುಗರು, ಮೈಸೂರು)

ಉತ್ತರ: ಸೋನಾ ಮಸೂರಿ ಧಾರಾಳವಾಗಿ ಆಗುತ್ತದೆ, ಆದರೆ ಹಳೆಯ ಅಕ್ಕಿ ಇರಲಿ. ಬಾಲ್ಡೊ ಇಟಲಿ ಮೂಲದ ದಪ್ಪ, ದುಂಡನೆಯ ಅಕ್ಕಿ. ಬೆಣ್ಣೆಯನ್ನು ಚೆನ್ನಾಗಿ ಹೀರಿಕೊಂಡೂ ಬಿಡಿಯಾಗಿಯೇ ಉಳಿಯುತ್ತದೆ. ಸೋನಾ ಮಸೂರಿ ಅದಕ್ಕಿಂತ ಸಣ್ಣ, ಬೇಗ ಬೇಯುತ್ತದೆ. ಒಂದು ವರ್ಷ ಹಳೆಯದಾದರೆ 1 ಲೋಟಕ್ಕೆ ಒಂದೂಮುಕ್ಕಾಲು ಲೋಟ ನೀರು, ಹೊಸದಾದರೆ ಒಂದೂವರೆ. 20 ನಿಮಿಷಕ್ಕಿಂತ ಹೆಚ್ಚು ನೆನೆಸಬೇಡಿ. ಚೀಲದಿಂದ ಚೀಲಕ್ಕೆ ಅಕ್ಕಿ ಬೇರೆಯಿರುವುದರಿಂದ ಮೊದಲು ಒಂದು ಲೋಟ ಮಾತ್ರ ಮಾಡಿ ನೋಡಿ, ಮುಂದಿನ ಸಲ ಅಳತೆ ಸರಿಪಡಿಸಿಕೊಳ್ಳಿ.

ಬಾಸ್ಮತಿಯಲ್ಲಿ ಅಗುಳು ಉದುರುದುರಾಗಿ ಬರುತ್ತದೆ, ಆದರೆ ಅದರ ಪರಿಮಳ ಬೆಣ್ಣೆಯ ಪರಿಮಳವನ್ನು ಮುಚ್ಚಿಬಿಡುತ್ತದೆ, ಬಾಯಿಗೂ ಒಣ ಅನ್ನಿಸುತ್ತದೆ. ಈ ಅಡುಗೆಗೆ ನಮ್ಮ ಮೊದಲ ಆಯ್ಕೆ ಅದಲ್ಲ. ದೊಡ್ಡ ಅಂಗಡಿಗಳಲ್ಲಿ ಸಿಗುವ ಆರ್ಬೋರಿಯೊ ಎಂಬ ಅಕ್ಕಿ ಆಕಾರದಲ್ಲಿ ಬಾಲ್ಡೊಗೆ ಹತ್ತಿರ, ಗಂಜಿ ಮಾತ್ರ ಹೆಚ್ಚು. ಅದನ್ನು ಇನ್ನೂ ಎರಡು ನೀರಿನಲ್ಲಿ ಹೆಚ್ಚಿಗೆ ತೊಳೆಯಬೇಕು. ಕುಚ್ಚಲಕ್ಕಿ ಬೇಡ.

ಪ್ರಶ್ನೆ: ಅಳತೆ ಸರಿಯಿದ್ದರೂ ತಳದಲ್ಲಿ ಮುದ್ದೆ, ಮೇಲೆ ಗಟ್ಟಿ ಕಾಳು. ಕಾರಣವೇನು?
(ಓದುಗರು, ಹುಬ್ಬಳ್ಳಿ)

ಉತ್ತರ: ಮೊದಲ ಅನುಮಾನ ಪಾತ್ರೆಯ ಮೇಲೆ. ಕಿರಿದಾದ, ಎತ್ತರದ ಪಾತ್ರೆಯಲ್ಲಿ ತಳದ ಅಕ್ಕಿ ನೀರಿನಲ್ಲೇ ಇರುತ್ತದೆ, ಮೇಲಿನದಕ್ಕೆ ಹಬೆ ಮಾತ್ರ. ಬೆಂದ ಅನ್ನದ ಮಟ್ಟ 5 ಸೆಂ.ಮೀ. ದಾಟದಷ್ಟು ಅಗಲವಾದ ಪಾತ್ರೆ ತೆಗೆದುಕೊಳ್ಳಿ. ತಳ ತೆಳುವಾಗಿದ್ದರೆ ಉರಿ ಸಣ್ಣದು ಮಾಡಿದ ಕೂಡಲೇ ಪಾತ್ರೆಯ ಕೆಳಗೆ ಕಬ್ಬಿಣದ ದೋಸೆ ಕಾವಲಿ ಇಡಿ, ಬಿಸಿ ಸಮನಾಗಿ ಹರಡುತ್ತದೆ.

ಎರಡನೆಯದು, ಹುರಿದ ಅಕ್ಕಿಗೆ ತಣ್ಣೀರು ಸುರಿಯುವುದು. ಮತ್ತೆ ಕುದಿ ಬರುವಷ್ಟರಲ್ಲಿ ತಳದ ಕಾಳು ಉಗುರುಬೆಚ್ಚಗಿನ ನೀರಿನಲ್ಲಿ ನೆನೆಯುತ್ತಾ ಗಂಜಿ ಬಿಡುತ್ತದೆ. ಮೂರನೆಯದು ಕೈಯಾಡಿಸುವ ಚಟ. ನೀರು ಬಿದ್ದಮೇಲೆ ಪ್ರತಿಸಲ ಕಲಕಿದಾಗಲೂ ಮೆತ್ತಗಾದ ಕಾಳಿನ ತುದಿ ಮುರಿದು ಗಂಜಿ ಹೊರಬರುತ್ತದೆ. ಆಗಾಗ ಮುಚ್ಚಳ ತೆಗೆದು ನೋಡುವುದೂ ಅಷ್ಟೇ ಕೆಟ್ಟದ್ದು, ಮೇಲಿನ ಅಕ್ಕಿ ಬೇಯಬೇಕಾದ ಹಬೆ ಹೊರಗೆ ಹೋಗುತ್ತದೆ.

ಮೇಲೆ ಗಟ್ಟಿಯಾಗಿ ಉಳಿದಿದ್ದರೆ 2 ದೊಡ್ಡ ಚಮಚ ಕುದಿನೀರು ಚಿಮುಕಿಸಿ, ಮುಚ್ಚಿ, ಅತಿ ಸಣ್ಣ ಉರಿಯಲ್ಲಿ 5 ನಿಮಿಷ ಇಟ್ಟು ಮತ್ತೆ ದಮ್‌ಗೆ ಬಿಡಿ. ಪೂರ್ತಿ ಮುದ್ದೆಯಾದದ್ದನ್ನು ಪಿಲಾವ್ ಮಾಡಲಾಗದು. ಮೊಸರು, ಒಣ ಪುದೀನ, ಸ್ವಲ್ಪ ಬೆಣ್ಣೆ ಹಾಕಿ ತೆಳುವಾಗಿ ಕುದಿಸಿ. ಯಾಯ್ಲಾ ಎಂಬ ಮೊಸರಿನ ಸೂಪನ್ನು ಟರ್ಕಿಯಲ್ಲಿ ಅನ್ನ ಹಾಕಿಯೇ ಮಾಡುತ್ತಾರೆ. ಮೊಸರು ಒಡೆಯದಂತೆ ಮೊದಲೇ ಒಂದು ಚಮಚ ಮೈದಾ ಸೇರಿಸಿ ಕಡೆದುಕೊಳ್ಳಿ.

ಪ್ರಶ್ನೆ: ಅಂಗಡಿಯ ಹುರಿದ ಶ್ಯಾವಿಗೆ ಹಾಕಬಹುದೇ? ಹುರಿಯುವಾಗ ಕಪ್ಪಾಗಿ ಕಹಿಯಾಗುತ್ತದೆ.
(ಓದುಗರು, ಶಿವಮೊಗ್ಗ)

ಉತ್ತರ: ಹುರಿಯದ ಗೋಧಿ ಶ್ಯಾವಿಗೆಯೇ ಬೇಕು. ಮೊದಲೇ ಹುರಿದದ್ದು ಬೆಣ್ಣೆಯಲ್ಲಿ ನಿಮಿಷದೊಳಗೆ ಕಪ್ಪಾಗುತ್ತದೆ. ಒಂದು ಬೆರಳಗಲಕ್ಕಿಂತ ಉದ್ದವಿಲ್ಲದಂತೆ ಮುರಿದುಕೊಳ್ಳಿ. ಬೇಕಾದ ಬಣ್ಣ ಬರುವ ತುಸು ಮೊದಲೇ ಅಕ್ಕಿ ಹಾಕಿ, ಏಕೆಂದರೆ ಅಕ್ಕಿಯ ಜೊತೆಗೂ ಅದು ಹುರಿಯುತ್ತಲೇ ಇರುತ್ತದೆ. ಅಕ್ಕಿ ಶ್ಯಾವಿಗೆ ಕರಗಿ ಅಂಟುತ್ತದೆ, ಬೇಡ. ಟರ್ಕಿಯಲ್ಲಿ ಅಕ್ಕಿಕಾಳಿನ ಆಕಾರದ ಅರ್ಪಾ ಶೆಹ್ರಿಯೆಯನ್ನೂ ಹಾಕುತ್ತಾರೆ. ಇಲ್ಲಿ ಅದು ಓರ್ಜೊ ಎಂಬ ಪಾಸ್ತಾ ಹೆಸರಿನಲ್ಲಿ ಸಿಗುತ್ತದೆ.

ಪ್ರಶ್ನೆ: ಬೆಣ್ಣೆಯ ಬದಲು ತುಪ್ಪ ಹಾಕಿದರೆ ತಪ್ಪೇ?
(ಓದುಗರು, ಮಂಡ್ಯ)

ಉತ್ತರ: ತಪ್ಪಿಲ್ಲ. ಆಗ್ನೇಯ ಟರ್ಕಿಯ ಉರ್ಫಾ ಕಡೆ ಸಾದೆಯಾ ಎಂಬ ತಿಳಿಬೆಣ್ಣೆಯನ್ನೇ ಪಿಲಾವ್‌ಗೆ ಬಳಸುತ್ತಾರೆ. ನಮ್ಮ ತುಪ್ಪದಲ್ಲಿ ನೀರಿನಂಶವಿಲ್ಲದ ಕಾರಣ 40 ಗ್ರಾಂ ಬೆಣ್ಣೆಗೆ 30 ಗ್ರಾಂ ತುಪ್ಪ ಸಾಕು. ಹರಳುಗಟ್ಟುವಂತೆ ಚೆನ್ನಾಗಿ ಕಾಯಿಸಿದ ತುಪ್ಪದ ಘಮ ಜೋರು, ಪಿಲಾವ್ ತುಪ್ಪದನ್ನದಂತಾಗುತ್ತದೆ. ತಿಳಿಯಾಗಿ ಕಾಯಿಸಿದ್ದಾದರೆ ಚೆನ್ನ. ಬೆಣ್ಣೆಯನ್ನೇ ಬಳಸುವವರು ಜೊತೆಗೆ ಎಣ್ಣೆ ಹಾಕುವುದನ್ನು ಬಿಡಬೇಡಿ.

ಪ್ರಶ್ನೆ: ನಾವು ಸಸ್ಯಾಹಾರಿಗಳು. ಕೋಳಿ ಬೇಯಿಸಿದ ನೀರಿನ ಬದಲು ಏನು ಹಾಕಬಹುದು?
(ಓದುಗರು, ಉಡುಪಿ)

ಉತ್ತರ: ಕಾಬೂಲಿ ಕಡಲೆ ಬೇಯಿಸಿದ ನೀರು. ಇಸ್ತಾಂಬುಲ್‌ನ ಬೀದಿಗಳಲ್ಲಿ ಗಾಜಿನ ಗಾಡಿಯಲ್ಲಿಟ್ಟು ಮಾರುವ ನೊಹುಟ್ಲು ಪಿಲಾವ್ ಈ ಕಡಲೆಯದ್ದೇ. ಅಲ್ಲಿ ಮೇಲೆ ಬೇಯಿಸಿ ಎಳೆ ಬಿಡಿಸಿದ ಕೋಳಿಯನ್ನೂ ಹಾಕುತ್ತಾರೆ, ಕೋಳಿ ಬೇಡವೆಂದವರಿಗೆ ಬರೀ ಕಡಲೆಯದ್ದೂ ಸಿಗುತ್ತದೆ. ಜೊತೆಗೆ ಐರಾನ್ ಎಂಬ ಉಪ್ಪು ಮಜ್ಜಿಗೆ. ಈ ಪಿಲಾವ್‌ನ ಬಗ್ಗೆ ಹಳೆಯ ಕಥೆಯೊಂದಿದೆ. 15ನೇ ಶತಮಾನದಲ್ಲಿ ಸುಲ್ತಾನ ಎರಡನೇ ಮೆಹ್ಮದ್‌ನ ವಜೀರನಾಗಿದ್ದ ಮಹ್ಮೂದ್ ಪಾಶಾ, ಅತಿಥಿಗಳ ಪಿಲಾವ್‌ನಲ್ಲಿ ಕಡಲೆಯ ಜೊತೆ ಚಿನ್ನದ ಕಾಳುಗಳನ್ನೂ ಬೆರೆಸಿ ಬಡಿಸುತ್ತಿದ್ದ, ಯಾರ ಚಮಚಕ್ಕೆ ಬಂತೋ ಅವರದ್ದು ಎಂಬ ಕಥೆಯನ್ನು ಅಲ್ಲಿ ಇಂದಿಗೂ ಹೇಳುತ್ತಾರೆ.

ಮುಕ್ಕಾಲು ಲೋಟ ಕಡಲೆಯನ್ನು ರಾತ್ರಿ ನೆನೆಸಿ, ಬೆಳಿಗ್ಗೆ ಹೊಸ ನೀರಿನಲ್ಲಿ ಬೇಯಿಸಿ. ಬೆರಳಲ್ಲಿ ಒತ್ತಿದರೆ ನುರಿಯಬೇಕು, ಆದರೆ ಆಕಾರ ಕೆಟ್ಟಿರಬಾರದು. ಸೋಡಾ ಹಾಕಬೇಡಿ, ಆ ನೀರು ಪಿಲಾವ್‌ಗೆ ಸೋಪಿನ ರುಚಿ ಕೊಡುತ್ತದೆ. ಸಿಪ್ಪೆ ತೆಗೆದರೆ ಇನ್ನೂ ಒಳ್ಳೆಯದು. ಅಳತೆಯ ಅರ್ಧ ಭಾಗ ಕಡಲೆಯ ನೀರು, ಅರ್ಧ ಬರೀ ನೀರು ಇರಲಿ. ಪೂರ್ತಿ ಕಡಲೆ ನೀರಾದರೆ ಅನ್ನ ಮಂದವಾಗಿ ಅಂಟುತ್ತದೆ. ಬೆಂದ ಕಡಲೆಯನ್ನು ಅಕ್ಕಿ ಹುರಿದಾದ ಮೇಲೆ, ನೀರು ಹಾಕುವ ಮುಂಚೆ ಸೇರಿಸಿ.

ಪ್ರಶ್ನೆ: ಪ್ರೆಷರ್ ಕುಕ್ಕರ್, ರೈಸ್ ಕುಕ್ಕರ್, ಇಂಡಕ್ಷನ್ ಇವುಗಳಲ್ಲಿ ಮಾಡುವುದು ಹೇಗೆ?
(ಓದುಗರು, ಬೆಂಗಳೂರು)

ಉತ್ತರ: ಕುಕ್ಕರ್ ಪಾತ್ರೆಯ ದಪ್ಪ ತಳ ಪಿಲಾವ್‌ಗೆ ಚೆನ್ನಾಗಿಯೇ ಒದಗುತ್ತದೆ. ಸೀಟಿಯ ಮುಚ್ಚಳ ಮಾತ್ರ ಬಿಟ್ಟು ಸಾಮಾನ್ಯ ತಟ್ಟೆ ಮುಚ್ಚಿ. ರೈಸ್ ಕುಕ್ಕರ್‌ನಲ್ಲಾದರೆ ಶ್ಯಾವಿಗೆ, ಅಕ್ಕಿಯನ್ನು ಬೇರೆ ಬಾಣಲೆಯಲ್ಲಿ ಹುರಿದುಕೊಂಡು ಹಾಕಿ. ಹಬೆ ಕಡಿಮೆ ಹೋಗುವುದರಿಂದ 2 ಲೋಟ ಬಾಲ್ಡೊಗೆ ಎರಡೂವರೆ ಲೋಟ ನೀರು ಸಾಕು. ಗುಂಡಿ ಮೇಲೆದ್ದ ಮೇಲೆ ಮುಚ್ಚಳದ ಒಳಗಿನ ಹನಿ ಒಮ್ಮೆ ಒರೆಸಿ 15 ನಿಮಿಷ ಹಾಗೇ ಬಿಡಿ. ಇಂಡಕ್ಷನ್ ಒಲೆಗಳಲ್ಲಿ ಹಲವು ಕಡಿಮೆ ಬಿಸಿಯಲ್ಲಿ ಒಮ್ಮೆ ಜೋರಾಗಿ ಕಾದು ಒಮ್ಮೆ ನಿಲ್ಲುತ್ತವೆ, ಹಾಗಾಗಿ ತೆಳು ಪಾತ್ರೆಯಲ್ಲಿ ತಳ ಹಿಡಿಯುವುದು ಖಂಡಿತ.

ಬೆಂಗಳೂರು ಸುಮಾರು 900 ಮೀಟರ್ ಎತ್ತರದಲ್ಲಿದೆ, ನೀರು 97 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲೇ ಕುದಿಯುತ್ತದೆ. ಮಂಗಳೂರಿಗಿಂತ ಇಲ್ಲಿ ಒಂದೆರಡು ನಿಮಿಷ ಹೆಚ್ಚು ಬೇಯಿಸಿ. ಟರ್ಕಿಯ ರಾಜಧಾನಿ ಅಂಕಾರಾ ಕೂಡ ಹೆಚ್ಚುಕಡಿಮೆ ಇಷ್ಟೇ ಎತ್ತರದ ಊರು, ಅಲ್ಲಿನ ಪಿಲಾವ್‌ಗೇನೂ ಕೊರತೆಯಾಗಿಲ್ಲ.

ಪ್ರಶ್ನೆ: ಇಲ್ಲಿನ ಟರ್ಕಿ ಅಂಗಡಿಗಳಲ್ಲಿ ಹಲವು ಬಗೆಯ ಅಕ್ಕಿ, ಬುಲ್ಗುರ್ ಪೊಟ್ಟಣಗಳಿವೆ. ಯಾವುದು ಕೊಳ್ಳಬೇಕು?
(ಕನ್ನಡಿಗರು, ಮ್ಯೂನಿಕ್)

ಉತ್ತರ: ಬಾಲ್ಡೊ ಸಿಕ್ಕರೆ ಅದೇ ಇರಲಿ. ಒಸ್ಮಾನ್‌ಜಿಕ್ ಎಂದಿರುವುದು ತುಸು ಚಿಕ್ಕ ಕಾಳು, ಬೆಲೆಯೂ ಸಾಮಾನ್ಯವಾಗಿ ಕಡಿಮೆ, ದಿನನಿತ್ಯಕ್ಕೆ ಒಳ್ಳೆಯದು. ಕಿರಿಕ್ ಎಂದು ಬರೆದಿದ್ದರೆ ನುಚ್ಚಕ್ಕಿ. ಸೂಪಿಗೆ ಸರಿ, ಪಿಲಾವ್‌ಗೆ ಬೇಡ. ಬುಲ್ಗುರ್‌ನಲ್ಲಿ ಪಿಲಾವ್‌ಲಿಕ್ ಎಂದಿರುವ ದಪ್ಪ ಕಾಳಿನದ್ದನ್ನು ತೆಗೆದುಕೊಳ್ಳಿ. ಕೋಫ್ತೆಲಿಕ್ ಸಣ್ಣ ರವೆ, ಅದು ಉಂಡೆ ಕಟ್ಟುವುದಕ್ಕೆ. ಬುಲ್ಗುರ್ ಎಂದರೆ ಬೇಯಿಸಿ ಒಣಗಿಸಿ ಒಡೆದ ಗೋಧಿ, ನಮ್ಮ ಹಸಿ ಗೋಧಿ ನುಚ್ಚಲ್ಲ. ಅದಕ್ಕೆ ಈರುಳ್ಳಿ, ಹಸಿರು ಮೆಣಸು, ಟೊಮೆಟೊ ಬಾಡಿಸಿ, 1 ಲೋಟಕ್ಕೆ 2 ಲೋಟ ನೀರು ಹಾಕಿ. ನೆನೆಸುವ ಅಗತ್ಯವಿಲ್ಲ.

ಪ್ರಶ್ನೆ: ಒಣದ್ರಾಕ್ಷಿ ಹಾಕಿದ ಕಂದು ಪಿಲಾವ್ ಒಂದು ಹೋಟೆಲ್‌ನಲ್ಲಿ ತಿಂದೆ. ಅದು ಯಾವುದು?
(ಓದುಗರು, ಕಲಬುರಗಿ)

ಉತ್ತರ: ಅದು ಇಚ್ ಪಿಲಾವ್ ಇರಬೇಕು. ಹಬ್ಬ, ಔತಣಗಳಲ್ಲಿ ಕುರಿ, ಕೋಳಿಯ ಜೊತೆ ಬಡಿಸುತ್ತಾರೆ. ಬೆಣ್ಣೆಯಲ್ಲಿ ಒಂದು ಈರುಳ್ಳಿ ಮತ್ತು 2 ದೊಡ್ಡ ಚಮಚ ಪೈನ್ ಬೀಜ ಹುರಿದು, ಅಕ್ಕಿ ಸೇರಿಸಿ ಹುರಿದ ಮೇಲೆ 2 ದೊಡ್ಡ ಚಮಚ ಸಣ್ಣ ಕಪ್ಪು ಒಣದ್ರಾಕ್ಷಿ, ಆಲ್‌ಸ್ಪೈಸ್ (ಒಂದೇ ಮರದ ಒಣಕಾಯಿ, ಮಸಾಲೆಗಳ ಮಿಶ್ರಣವಲ್ಲ) ಪುಡಿ ಅರ್ಧ ಚಹಾ ಚಮಚ, ಚಕ್ಕೆಪುಡಿ ಕಾಲು ಚಹಾ ಚಮಚ, ಕಾಳುಮೆಣಸು, ಚಿಟಿಕೆ ಸಕ್ಕರೆ ಹಾಕಿ ನೀರು ಸುರಿಯುತ್ತಾರೆ. ಹಲವರು ಸಣ್ಣಗೆ ಹೆಚ್ಚಿದ ಪಿತ್ತಜನಕಾಂಗವನ್ನೂ ಹುರಿದು ಸೇರಿಸುತ್ತಾರೆ. ಕೊನೆಗೆ ಸಬ್ಬಸಿಗೆ ಸೊಪ್ಪು. ಪೈನ್ ಬೀಜಕ್ಕೆ ನಮ್ಮಲ್ಲಿ ಚಿಲ್ಗೋಜಾ ಇದೆ, ದುಬಾರಿ. ಸೀಳಿದ ಬಾದಾಮಿ ಹಾಕಿದರೂ ನಡೆಯುತ್ತದೆ.

ಪ್ರಶ್ನೆ: ಉಳಿದ ಪಿಲಾವ್ ಮರುದಿನ ಗಟ್ಟಿಯಾಗುತ್ತದೆ. ಬಿಸಿ ಮಾಡುವುದು ಹೇಗೆ?
(ಓದುಗರು, ತುಮಕೂರು)

ಉತ್ತರ: ಊಟ ಮುಗಿದ ಒಂದು ಗಂಟೆಯೊಳಗೆ ಅಗಲ ತಟ್ಟೆಗೆ ಹರಡಿ ಆರಿಸಿ ಫ್ರಿಜ್‌ಗೆ ಇಡಿ. ಒಲೆಯ ಮೇಲೇ ರಾತ್ರಿಯಿಡೀ ಬಿಟ್ಟ ಅನ್ನದಲ್ಲಿ ಬೆಳೆಯುವ ಬ್ಯಾಸಿಲಸ್ ಬ್ಯಾಕ್ಟೀರಿಯಾದ ವಿಷ ಮತ್ತೆ ಕಾಯಿಸಿದರೂ ಹೋಗುವುದಿಲ್ಲ. ಮರುದಿನ 1 ಲೋಟ ಅನ್ನಕ್ಕೆ 1 ದೊಡ್ಡ ಚಮಚ ನೀರು ಚಿಮುಕಿಸಿ, ಮುಚ್ಚಿ, ಸಣ್ಣ ಉರಿಯಲ್ಲಿ ಒಳಗೆಲ್ಲ ಹಬೆಯಾಡುವವರೆಗೆ ಬಿಸಿ ಮಾಡಿ. ಬಿಸಿಯಾಗುವ ಮುಂಚೆ ಗಂಟು ಬಿಡಿಸಲು ಹೋಗಬೇಡಿ, ತಣ್ಣಗಿರುವ ಅಗುಳು ಮುರಿಯುತ್ತದೆ. ಒಮ್ಮೆ ಬಿಸಿ ಮಾಡಿದ್ದನ್ನು ಮತ್ತೆ ಫ್ರಿಜ್‌ನಲ್ಲಿಡದೆ ಆಗಲೇ ಮುಗಿಸಿ.