ಕ್ಯಾರೊ-ಕಾನ್ ಎದುರು ಏನು ಆಡಲಿ?

ಪ್ರಶ್ನೆ: ಸರ್, ನಾನು ಬಿ.ಕಾಂ. ಎರಡನೇ ವರ್ಷದ ವಿದ್ಯಾರ್ಥಿ. ಚೆಸ್‌ನಲ್ಲಿ ಬಿಳಿ ಕಾಯಿ ಸಿಕ್ಕರೆ ಯಾವಾಗಲೂ ಇ4 ಆಡುತ್ತೇನೆ, ಅಂದರೆ ರಾಜನ ಮುಂದಿನ ಪಾನನ್ನು (ಸಿಪಾಯಿ) ಎರಡು ಮನೆ ಮುಂದಿಡುತ್ತೇನೆ. ನಮ್ಮ ತಂಡದಲ್ಲೇ ಇಬ್ಬರು ಅದಕ್ಕೆ ಸಿ6 ಇಟ್ಟು ಕ್ಯಾರೊ-ಕಾನ್ ಎಂಬ ಓಪನಿಂಗ್ (ಆರಂಭದ ನಡೆಗಳ ಕ್ರಮ) ಆಡುತ್ತಾರೆ. ನಾನು ಡಿ4, ಅವರು ಡಿ5. ಆಮೇಲೆ ಕುದುರೆ ಸಿ3ಗೆ ತಂದು, ಎಚ್ ಪಾನ್ ಓಡಿಸಿ ಬಿಷಪ್ಪನ್ನು ಅಟ್ಟಿದರೂ ಏನೂ ಸಿಗುವುದಿಲ್ಲ. ಕಾಯಿಗಳೆಲ್ಲ ಖಾಲಿಯಾಗಿ ಡ್ರಾ, ಇಲ್ಲ ಎಂಡ್‌ಗೇಮಿನಲ್ಲಿ ಸೋಲು. 1997ರಲ್ಲಿ ಡೀಪ್ ಬ್ಲೂ ಕಂಪ್ಯೂಟರ್ ಕುದುರೆ ಬಲಿಕೊಟ್ಟು ವಿಶ್ವ ಚಾಂಪಿಯನ್ ಕಾಸ್ಪರೋವ್ ಅವರನ್ನು 19 ನಡೆಯಲ್ಲಿ ಸೋಲಿಸಿತಲ್ಲ, ಅಂಥ ದಾರಿ ಇದೆಯಾ? – ಒಬ್ಬ ಓದುಗ, ಹಾಸನ

ಉತ್ತರ: ಆ ಆಟವನ್ನು ಮನಸ್ಸಿನಿಂದ ತೆಗೆದುಬಿಡಿ. ಅಲ್ಲಿ ಕಾಸ್ಪರೋವ್ ನಡೆಗಳ ಕ್ರಮ ತಪ್ಪಿದರು. ಬಿಷಪ್ ಡಿ6ಕ್ಕೆ ಬರುವ ಮೊದಲೇ ಎಚ್6 ಆಡಿದರು, ಕುದುರೆ ಇ6ಕ್ಕೆ ನುಗ್ಗಿತು. ದಿನವೂ ಕ್ಯಾರೊ-ಕಾನ್ ಆಡುವ ನಿಮ್ಮ ಗೆಳೆಯರಿಗೆ ಇದು ಗೊತ್ತಿದ್ದೇ ಇರುತ್ತದೆ. ಎದುರಾಳಿಯ ತಪ್ಪನ್ನು ನಂಬಿ ಓಪನಿಂಗ್ ಆರಿಸಬಾರದು.

ನಿಮಗೆ ಏನೂ ಸಿಗದಿರುವುದಕ್ಕೆ ಕಾರಣ ಇದೆ. ಕುದುರೆ ಸಿ3 ಲೈನಿನಲ್ಲಿ ಕಪ್ಪು ತನ್ನ ಡಿ ಪಾನ್ ಕೊಟ್ಟು ನಿಮ್ಮ ಇ ಪಾನ್ ತೆಗೆಯುತ್ತದೆ. ಬಿಷಪ್ಪನ್ನು ಆರಾಮಾಗಿ ಹೊರಗೆ ತರುತ್ತದೆ. ನೀವು ಅಟ್ಟಿದ ಆ ಬಿಷಪ್ ಕೊನೆಗೆ ಡಿ3ರಲ್ಲಿ ನಿಮ್ಮ ಬಿಷಪ್ ಜೊತೆ ಅದಲುಬದಲಾಗುತ್ತದೆ. ಕಪ್ಪಿಗೆ ಬೇಕಾಗಿದ್ದೂ ಅದೇ ಅಲ್ವಾ? ಜಾಗ ಕಡಿಮೆ ಇದ್ದವರಿಗೆ ಕಾಯಿ ಕಡಿಮೆಯಾದಷ್ಟೂ ಸುಖ.

ಹಾಗಾಗಿ ಮೂರನೇ ನಡೆಗೆ ಇ5 ಆಡಿ, ಅಂದರೆ ಅಡ್ವಾನ್ಸ್ ವೇರಿಯೇಶನ್. ಕಾಯಿಗಳು ಬೋರ್ಡ್ ಮೇಲೆ ಉಳಿಯುತ್ತವೆ. ಕಪ್ಪು ಕುದುರೆಗೆ ಎಫ್6 ಮನೆ ಇಲ್ಲವಾಗುತ್ತದೆ. ಅದು ಇ7ಕ್ಕೆ ಬಂದರೆ ಎಫ್8ರ ಬಿಷಪ್ಪಿಗೆ ದಾರಿ ಕಟ್ಟುತ್ತದೆ. ಕಪ್ಪು ಈ ಇಕ್ಕಟ್ಟಿನಿಂದ ಹೊರಬರಲು ಸಿ5 ಆಡಲೇಬೇಕು. ಆದರೆ ಸಿ6ಕ್ಕೆ ಒಂದು ನಡೆ, ಸಿ5ಕ್ಕೆ ಇನ್ನೊಂದು! ಒಂದೇ ಪಾನಿಗೆ ಎರಡು ನಡೆ ಹೋಯಿತು. ನಿಮ್ಮ ಲಾಭ ಅದೊಂದು ನಡೆಯಲ್ಲಿದೆ.

ಕಪ್ಪಿನ ಬಿಷಪ್ ಎಫ್5ಕ್ಕೆ ಬಂದಮೇಲೆ ಇಂಗ್ಲೆಂಡಿನ ನೈಜೆಲ್ ಶಾರ್ಟ್ ಜನಪ್ರಿಯಗೊಳಿಸಿದ ಶಾಂತ ದಾರಿ ಹಿಡಿಯಿರಿ. ಕುದುರೆ ಎಫ್3, ಬಿಷಪ್ ಇ2. ಕಪ್ಪು ಇ6, ಸಿ5 ಆಡಿದಾಗ ನಿಮ್ಮ ಇನ್ನೊಂದು ಬಿಷಪ್ ಇ3ಕ್ಕೆ. ಅವರು ಡಿ4ರಲ್ಲಿ ಹೊಡೆದರೆ ಕುದುರೆಯಿಂದ ವಾಪಸ್ ಹೊಡೆಯಿರಿ. ಆ ಕುದುರೆಯ ಕಣ್ಣು ನೇರ ಎಫ್5ರ ಬಿಷಪ್ ಮೇಲೆ. ಅವರು ಕುದುರೆಯನ್ನು ಇ7ಕ್ಕೆ ತಂದು ಕಾಯ್ದರೆ ಸಿ4 ಆಡಿ. ಅವರ ರಾಜ ಇನ್ನೂ ನಡುವಿನಲ್ಲೇ ಇರುವಾಗ ಬೋರ್ಡ್ ತೆರೆಯುತ್ತದೆ. ನಿಮಗೆ ಬೇಕಿದ್ದ ದಾಳಿ ಇಲ್ಲಿ ಸಿಗುತ್ತದೆ.

ಕಪ್ಪು ಬಿಷಪ್ ತರದೆ ಮೂರನೇ ನಡೆಗೇ ಸಿ5 ಆಡಬಹುದು. 1961ರಲ್ಲಿ ಮಾಸ್ಕೋದ ವಿಶ್ವ ಚಾಂಪಿಯನ್‌ಷಿಪ್ ಮರುಪಂದ್ಯದಲ್ಲಿ ಬೊಟ್ವಿನಿಕ್ ಅವರು ತಾಲ್ ವಿರುದ್ಧ ಇದನ್ನೂ ಆಡಿದ್ದರು. ಪಾನ್ ತೆಗೆದುಕೊಳ್ಳಿ, ಬಿಷಪ್ ಇ3ಕ್ಕೆ ಇಟ್ಟು ಅದನ್ನು ಉಳಿಸಿಕೊಳ್ಳಲು ನೋಡಿ. ಸುಮ್ನೆ ವಾಪಸ್ ಕೊಡಬೇಡಿ.

ಎಚ್ ಪಾನ್ ಓಡಿಸುವ ಆಸೆ ಬಿಡಲಾಗದಿದ್ದರೆ ರ‍್ಯಾಪಿಡ್ (ಕಡಿಮೆ ಸಮಯದ) ಆಟಗಳಲ್ಲಿ ನೀವೂ ತಾಲ್ ರೀತಿ ನಾಲ್ಕನೇ ನಡೆಗೆ ಎಚ್4 ಇಡಿ. ಕಪ್ಪು ಅವಸರದಲ್ಲಿ ಇ6 ಆಡಿದರೆ ಜಿ4, ಎಫ್3, ಎಚ್5 – ಬಿಷಪ್ ಸಿಕ್ಕಿಬಿತ್ತು. ಇ6 ಬದಲು ಕಪ್ಪು ತನ್ನ ಎಚ್ ಪಾನನ್ನು ಎಚ್5ಕ್ಕೆ ಇಡಬೇಕೆಂದು ಗೊತ್ತಿದ್ದವರ ಹತ್ತಿರ ಇದು ನಡೆಯುವುದಿಲ್ಲ.

ಮೂರನೇ ನಡೆಗೆ ಡಿ5ರಲ್ಲಿ ಪಾನ್ ಅದಲುಬದಲು ಮಾಡುವ ಎಕ್ಸ್‌ಚೇಂಜ್ ವೇರಿಯೇಶನ್ ಬಗ್ಗೆಯೂ ಒಂದು ಮಾತು. ಅದು ಡ್ರಾ ಆಟ ಎಂದು ಜನ ತಳ್ಳಿಹಾಕುತ್ತಾರೆ, ನಾನು ಒಪ್ಪುವುದಿಲ್ಲ. 1970ರಲ್ಲಿ ಬೆಲ್‌ಗ್ರೇಡಿನಲ್ಲಿ ಫಿಶರ್ ಅದರಲ್ಲೇ ಪೆಟ್ರೋಸಿಯನ್ ಅವರನ್ನು ಸೋಲಿಸಿದರು. ಆದರೆ ಅದಕ್ಕೆ ತಾಳ್ಮೆ ಜಾಸ್ತಿ ಬೇಕು. ನಿಮ್ಮ ಪತ್ರ ನೋಡಿದರೆ ಸದ್ಯಕ್ಕೆ ಅದು ನಿಮಗಲ್ಲ.

ನನ್ನ ವಿದ್ಯಾರ್ಥಿಗಳಿಗೆ ಮಾಡಿಸುವ ಅಭ್ಯಾಸವನ್ನೇ ನಿಮಗೂ ಹೇಳುತ್ತೇನೆ. ಬೋರ್ಡ್ ಮೇಲೆ ರಾಜ ಮತ್ತು ಪಾನ್‌ಗಳನ್ನಷ್ಟೇ ಇಡಿ. ಬಿಳಿಯದು ಡಿ4, ಇ5. ಕಪ್ಪಿನದು ಡಿ5, ಇ6. ಸಿ5 ಬಂದಾಗ ಹೊಡೆಯಬೇಕಾ, ಸಿ3 ಇಟ್ಟು ಕಾಯಬೇಕಾ ಎಂದು ಗೆಳೆಯನ ಎದುರು ಕೂತು ಆಡಿ ನೋಡಿ. ಇದು ಕೈಗೆ ಹತ್ತುವವರೆಗೆ ವಿಡಿಯೊಗಳ ಉದ್ದುದ್ದ ಲೈನ್ ಬಾಯಿಪಾಠ ಮಾಡಬೇಡಿ. ಮುಂದಿನ ಟೂರ್ನಿ ಮುಗಿದಮೇಲೆ ಸ್ಕೋರ್ ಶೀಟಿನ ಪ್ರತಿ ಕಳಿಸಿ. ಸಿ5 ಯಾವ ನಡೆಯಲ್ಲಿ ಬಂತು ಎನ್ನುವುದಕ್ಕೆ ಗುರುತು ಹಾಕಿರಿ, ಅಲ್ಲಿಂದ ನೋಡೋಣ.